ಪದವಿಯ ಓದು, ಪೌರನ ಓದು

ಶಾಲೆಯಲ್ಲಿ ನಾವು ಪೌರನೀತಿಯೆಂದೂ ಇಲ್ಲಿಯ ಮರಾಠಿ ಬಾಂಧವರು ನಾಗರಿಕಶಾಸ್ತ್ರವೆಂದೂ ಕರೆಯುತ್ತ ಬಂದಿರುವ ವಿಷಯವು ಹತ್ತನೆಯ ಇಯತ್ತೆಯ ಪರೀಕ್ಷೆಯೊಡನೆ ಮುಗಿದುಹೋಯಿತೆಂಬ ಭಾವನೆ ವಿದ್ಯಾರ್ಥಿಗಳಲ್ಲಿಯೂ ಪಾಲಕರಲ್ಲಿಯೂ ಸಾಮಾನ್ಯವಾಗಿದೆ. ಮುಂದೆ ವಾಣಿಜ್ಯಕ್ಕೆ ಹೋದವನು ಲೆಕ್ಕಪತ್ರವನ್ನೂ ವಿಜ್ಞಾನಕ್ಕೆ ಹೋದವನು ರಸಾಯನವನ್ನೂ ಓದುತ್ತಾನೆ. ಪೌರನಾಗುವ ಓದನ್ನು ಓದುವವರು ವಿರಳ. ವಿಚಿತ್ರವೆಂದರೆ, ಆ ಓದು ನಿಂತ ಮೇಲೆಯೇ ಅದರ ಉಪಯೋಗವು ಆರಂಭವಾಗುತ್ತದೆ. ಹದಿನೈದು ವರ್ಷದ ಹುಡುಗನಿಗೆ ಮತವಿಲ್ಲ. ಅವನ ಹೆಸರಿಗೆ ನೋಟೀಸು ಬರುವುದಿಲ್ಲ. ಅವನ ಸಹಿಯನ್ನು ಯಾರೂ ಕೇಳುವುದಿಲ್ಲ. ಹದಿನೆಂಟು ತುಂಬಿದೊಡನೆ ಇವೆಲ್ಲವೂ ಬರುತ್ತವೆ, ಆಗ ಅವನು ಕಾಲೇಜಿನಲ್ಲಿರುತ್ತಾನೆ. ೧೯೮೮ರಲ್ಲಿ ಸಂಸತ್ತು ಅಂಗೀಕರಿಸಿ ೧೯೮೯ರ ಮಾರ್ಚಿನಲ್ಲಿ ಜಾರಿಗೆ ಬಂದ ಸಂವಿಧಾನದ ೬೧ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು ೨೧ರಿಂದ ೧೮ಕ್ಕೆ ಇಳಿಸಿತು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಪದವಿ ಕೈಗೆ ಬರುವ ಹೊತ್ತಿಗೆ ಮತವೂ ಬರುತ್ತಿತ್ತು. ಈಗ ಮತವೇ ಮೊದಲು, ಪದವಿ ಆಮೇಲೆ. ಈ ಅದಲುಬದಲನ್ನು ನಮ್ಮ ಪಾಠಕ್ರಮಗಳು ಇನ್ನೂ ಚೆನ್ನಾಗಿ ಗಮನಿಸಿದಂತೆ ತೋರುವುದಿಲ್ಲ.

ನಮ್ಮ ಶಾಲೆಯಿಂದ ಹೊರಬಿದ್ದು ಕಾಲೇಜು ಸೇರಿದವರಲ್ಲಿ ಕೆಲವರು ಈಚಿನ ಕೆಲವು ವರ್ಷಗಳಿಂದ ತಿಂಗಳಿಗೆರಡು ಭಾನುವಾರ ಶಾಲೆಯ ಮೇಲಂತಸ್ತಿನ ಕೋಣೆಯಲ್ಲಿ ಸೇರುತ್ತಾರೆ. ಅವರೊಡನೆ ಕುಳಿತು ನಾನು ಓದುವುದು ಈ ಪೌರನ ಓದನ್ನು. ಮೆಟ್ರಿಕ್ ಮಾಡಿದ ಕನ್ನಡ ಮಾಸ್ತರನು ಪದವಿ ವರ್ಗದವರಿಗೆ ಏನು ಕಲಿಸಿಯಾನೆಂದು ಕೇಳುವವರಿದ್ದಾರೆ. ಅಂಥವರಿಗೆ ನಾನು ಡಿ. ವಿ. ಗುಂಡಪ್ಪನವರನ್ನು ನೆನಪಿಸುತ್ತೇನೆ. ಮೆಟ್ರಿಕ್ಯುಲೇಷನ್ ದಾಟದಿದ್ದ ಆ ಹಿರಿಯರು ಕನ್ನಡಿಗರಿಗೆ ರಾಜ್ಯಶಾಸ್ತ್ರವನ್ನು ತಿಳಿಯಹೇಳಿದರು. ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆಯವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅವರ ವಿದ್ವತ್ತಿಗೂ ನನಗೂ ಹೋಲಿಕೆಯೆಂದು ಯಾರೂ ಭಾವಿಸಬಾರದು. ಹೋಲಿಕೆ ಏನಿದ್ದರೂ ಮೆಟ್ರಿಕ್ಕಿನ ಮಟ್ಟಿಗೆ. ಅದರಲ್ಲಿಯೂ ನಾನು ಪಾಸಾದವನು!

ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ತಂದೆತಾಯಿಗಳು ಉಡುಪಿಯ ಕಡೆಯಿಂದ ಹೋಟೆಲಿನ ಕೆಲಸಕ್ಕೋ, ವಿಜಯಪುರ ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೋ ಮುಂಬಯಿಗೆ ಬಂದವರು. ಅವರ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳೇ ಕಾಗದ ಓದುವ ಮೊದಲನೆಯ ವ್ಯಕ್ತಿ. ಆದುದರಿಂದ ಈ ಓದು ಬಾರದಿದ್ದರೆ ನಷ್ಟವಾಗುವುದು ವಿದ್ಯಾರ್ಥಿಗೆ ಮಾತ್ರವಲ್ಲ, ಇಡೀ ಮನೆಗೆ.

ಮೊದಲನೆಯ ಪಾಠದ ದಿನ ನಾನು ಕರಿಹಲಗೆಯ ಮೇಲೆ ‘ಸರಕಾರ’ ಎಂದು ಬರೆದು, ಈ ಹೊತ್ತು ಈ ಪದವನ್ನು ಯಾರೂ ಬಳಸಕೂಡದೆಂದು ಹೇಳುತ್ತೇನೆ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಸರಕಾರ ಮಲಗಿದೆ; ಲೋಕಲ್ ಗಾಡಿ ತಡವಾದರೆ ಸರಕಾರಕ್ಕೆ ಕಣ್ಣಿಲ್ಲ; ಪೋಲೀಸನು ಗದರಿಸಿದರೆ ಸರಕಾರವೇ ಹೀಗೆ. ಈ ಒಂದು ಪದದ ಮರೆಯಲ್ಲಿ ನಮ್ಮ ಅಜ್ಞಾನವೆಲ್ಲ ಸುಖವಾಗಿ ಅಡಗಿಕೊಂಡಿರುತ್ತದೆ. ಪದವನ್ನು ಕಿತ್ತುಕೊಂಡೊಡನೆ ವಿದ್ಯಾರ್ಥಿಗಳು ತೊದಲುತ್ತಾರೆ. ಪಾಠವು ಅಲ್ಲಿಂದಲೇ ಆರಂಭ. ನೀರು ಮಹಾನಗರಪಾಲಿಕೆಯದು. ಲೋಕಲ್ ಗಾಡಿ ರೈಲ್ವೆಯದು, ಎಂದರೆ ಕೇಂದ್ರದ್ದು. ಪೋಲೀಸು ರಾಜ್ಯದ ಗೃಹಖಾತೆಯದು. ಮುಂಬಯಿಯ ಮೇಯರರಿಗೆ ಒಬ್ಬ ಪೋಲೀಸನ ಮೇಲೂ ಅಧಿಕಾರವಿಲ್ಲವೆಂಬುದನ್ನು ಬಿ.ಎ. ಓದುವವರೂ ನಂಬಲೊಲ್ಲರು. ಜೋಪಡಿ ಪುನರ್ವಸತಿಯ ಪ್ರಾಧಿಕಾರವು ರಾಜ್ಯದ್ದು. ಹಡಗುಕಟ್ಟೆಯ ಮಗ್ಗುಲಿನ ಬಂದರಿನ ಭೂಮಿಯಾದರೆ ಪುನಃ ಕೇಂದ್ರದ್ದು. ಹೀಗೆ ಒಂದೇ ಬೀದಿಯಲ್ಲಿ ನಾಲ್ಕು ಒಡೆತನಗಳು ಸಂಧಿಸುತ್ತವೆ. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಅರಿಯದವನು ನಾಲ್ಕನ್ನೂ ತಟ್ಟಿ ದಣಿಯುತ್ತಾನೆ.

ಇದಕ್ಕೆ ಅಂಧೇರಿಯ ಗೋಪಾಲಕೃಷ್ಣ ಗೋಖಲೆ ಸೇತುವೆಗಿಂತ ಒಳ್ಳೆಯ ದೃಷ್ಟಾಂತವು ನಮಗೆ ದೊರೆಯಲಾರದು. ರೈಲು ಹಳಿಗಳ ಮೇಲೆ ಹಾಯುವ ಈ ಸೇತುವೆಯ ಕಾಲುದಾರಿಯ ಭಾಗವು ೨೦೧೮ರ ಜುಲೈ ೩ರಂದು ಬೆಳಗ್ಗೆ ಹಳಿಗಳ ಮೇಲೆ ಕುಸಿದುಬಿತ್ತು. ಒಡನೆಯೇ ಎದ್ದ ಪ್ರಶ್ನೆಯು, ಅದನ್ನು ನೋಡಿಕೊಳ್ಳುವ ಹೊಣೆ ರೈಲ್ವೆಯದೋ ಪಾಲಿಕೆಯದೋ ಎಂಬುದು. ೨೦೨೨ರ ನವೆಂಬರಿನಲ್ಲಿ ಸೇತುವೆಯನ್ನು ಸಂಚಾರಕ್ಕೆ ಮುಚ್ಚಿ ಹೊಸದಾಗಿ ಕಟ್ಟತೊಡಗಿದರು. ಹಳಿಗಳ ಮೇಲಣ ಕೆಲಸಕ್ಕೆ ರೈಲ್ವೆಯ ಒಪ್ಪಿಗೆ ಬೇಕು, ಎರಡು ಬದಿಯ ಏರುದಾರಿ ಪಾಲಿಕೆಯದು. ೨೦೨೪ರ ಫೆಬ್ರವರಿಯಲ್ಲಿ ಒಂದು ಭಾಗವನ್ನು ತೆರೆದಾಗ ನೋಡುತ್ತಾರೆ, ಪಕ್ಕದ ಬರ್ಫಿವಾಲಾ ಮೇಲುಸೇತುವೆಗೂ ಇದಕ್ಕೂ ಹಲವು ಅಡಿಗಳ ಅಂತರ! ಅದನ್ನು ಕೂಡಿಸಲು ಜುಲೈ ತಿಂಗಳು ಬರಬೇಕಾಯಿತು. ಇದನ್ನು ಕೇಳಿ ವಿದ್ಯಾರ್ಥಿಗಳು ನಗುತ್ತಾರೆ. ನಕ್ಕು ಮುಗಿದ ಮೇಲೆ ಅವರಿಗೊಂದು ಕೆಲಸ ಕೊಡುತ್ತೇನೆ: ನೀವು ದಿನವೂ ದಾಟುವ ಒಂದು ಸೇತುವೆ, ಒಂದು ಮೆಟ್ಟಿಲು, ಒಂದು ಗಟಾರ ಇವುಗಳ ಒಡೆಯರು ಯಾರೆಂದು ಹದಿನೈದು ದಿನಗಳಲ್ಲಿ ತಿಳಿದುಬರಬೇಕು, ಊಹೆ ಸಲ್ಲದು, ಯಾವ ಫಲಕದಿಂದ ಅಥವಾ ಕಾಗದದಿಂದ ತಿಳಿಯಿತೆಂಬುದನ್ನೂ ಹೇಳಬೇಕು. ಗಟಾರವೇ ಎಲ್ಲಕ್ಕಿಂತ ಕಠಿಣ. ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು ಎಂದು ತಿಳಿದು ಬಂದವರೂ ಇದ್ದಾರೆ.

ಮತದಾರರ ಪಟ್ಟಿಯ ಪಾಠಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಕಾಲ ಕೊಡುತ್ತೇನೆ. ಮತದಾನದ ಮಹತ್ವದ ಬಗ್ಗೆ ಭಾಷಣ ಮಾಡಬಲ್ಲ ತರುಣರು ಬೇಕಾದಷ್ಟಿದ್ದಾರೆ. ಪಟ್ಟಿಯನ್ನು ಓದಿದವರು ಅವರಲ್ಲಿ ಅಪರೂಪ. ಗುರುತಿನ ಚೀಟಿಯೊಂದು ಕಿಸೆಯಲ್ಲಿದ್ದರೆ ಮತವಿದೆಯೆಂದು ಅವರು ತಿಳಿದಿರುತ್ತಾರೆ. ಚೀಟಿಯು ಗುರುತಿಗೆ ಮಾತ್ರ; ಮತವು ಪಟ್ಟಿಯಲ್ಲಿರುವ ಹೆಸರಿಗೆ. ಚೀಟಿ ಇದ್ದು ಹೆಸರಿಲ್ಲದಿದ್ದರೆ ಮತಗಟ್ಟೆಯಿಂದ ಹಿಂದಿರುಗಿ ಬರಬೇಕಾಗುತ್ತದೆ.

೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೭ರಿಂದ ೨೦ರವರೆಗಿನ ಕಲಮುಗಳನ್ನು ನಾವು ಒಂದೊಂದು ವಾಕ್ಯವಾಗಿ ಓದುತ್ತೇವೆ. ಇವು ವಲಸೆ ಬಂದವರ ಬಾಳಿಗೆ ಎಷ್ಟು ಹತ್ತಿರವಾದವೆಂಬುದು ಓದಿದಾಗಲೇ ತಿಳಿಯುತ್ತದೆ. ಒಬ್ಬನ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಕೂಡದು. ಹೆಸರು ಸೇರಬೇಕಾದುದು ಅವನು ಸಾಮಾನ್ಯವಾಗಿ ವಾಸಮಾಡುವ ಕ್ಷೇತ್ರದಲ್ಲಿ. ಒಂದೂರಿನಲ್ಲಿ ಮನೆಯ ಒಡೆತನವಿದೆಯೆಂಬ ಕಾರಣ ಒಂದರಿಂದಲೇ ಅವನು ಅಲ್ಲಿಯ ವಾಸಿಯಾಗಲಾರನು. ಹಾಗೆಯೇ ತಾತ್ಕಾಲಿಕವಾಗಿ ಬೇರೆಡೆಗೆ ಹೋದನೆಂಬ ಮಾತ್ರಕ್ಕೆ ತನ್ನ ವಾಸವನ್ನು ಕಳೆದುಕೊಳ್ಳುವುದೂ ಇಲ್ಲ. ಊರಿನಲ್ಲಿ ಹಿರಿಯರ ಮನೆ, ಇಲ್ಲಿ ಬಾಡಿಗೆಯ ಖೋಲಿ. ಊರಿನ ಪಟ್ಟಿಯಲ್ಲೊಂದು ಹೆಸರು, ಇಲ್ಲಿಯ ಪಟ್ಟಿಯಲ್ಲೊಂದು ಹೆಸರು. ಹೀಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಎರಡೂ ಇರಲಿ, ಯಾವುದಾದರೊಂದು ಕೆಲಸಕ್ಕೆ ಬಂದೀತೆಂಬ ಹಿರಿಯರ ಎಣಿಕೆಯನ್ನು ಕಾಯಿದೆಯು ಒಪ್ಪುವುದಿಲ್ಲ. ಅರ್ಜಿಯಲ್ಲಿ ತಿಳಿದೂ ಸುಳ್ಳು ಹೇಳಿಕೆ ಕೊಟ್ಟವನಿಗೆ ಒಂದು ವರ್ಷದವರೆಗೆ ಸೆರೆ ವಿಧಿಸಲು ೩೧ನೆಯ ಕಲಮಿನಲ್ಲಿ ಅವಕಾಶವಿದೆ. ವಸತಿಗೃಹದಲ್ಲಿರುವ ವಿದ್ಯಾರ್ಥಿಯು ತಂದೆಯ ಮನೆಯಲ್ಲೋ ವಸತಿಗೃಹವಿರುವ ಕ್ಷೇತ್ರದಲ್ಲೋ ಯಾವುದಾದರೊಂದು ಕಡೆ ಹೆಸರು ಸೇರಿಸಬಹುದು. ಹೊಸ ಹೆಸರಿಗೆ ೬ನೆಯ ನಮೂನೆ. ಮನೆ ಬದಲಿಸಿದಾಗಲೂ ತಪ್ಪು ತಿದ್ದಿಸುವಾಗಲೂ ೮ನೆಯದು. ಸೇರಿದ ಹೆಸರಿಗೆ ಆಕ್ಷೇಪಣೆಯಿದ್ದರೆ ೭ನೆಯದು. ಮುಂಚೆ ವರ್ಷಕ್ಕೆ ಒಂದೇ ಅರ್ಹತಾ ದಿನವಿತ್ತು, ಜನವರಿ ೧. ೨೦೨೨ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರುಗಳ ಮೊದಲ ದಿನಗಳು ಹೀಗೆ ನಾಲ್ಕಾಗಿವೆ. ಫೆಬ್ರವರಿಯಲ್ಲಿ ಹುಟ್ಟಿದವನು ಇನ್ನು ವರ್ಷವಿಡೀ ಕಾಯಬೇಕಾಗಿಲ್ಲ.

ಇದು ಒಣ ವಿಷಯವೆಂದು ತೋರಬಹುದು. ಹಾಗೆ ತೋರಿದವರಿಗೆ ನಮ್ಮ ಮೊದಲನೆಯ ಸಾರ್ವತ್ರಿಕ ಚುನಾವಣೆಯ ಪಟ್ಟಿಯ ಕಥೆಯನ್ನು ಹೇಳುತ್ತೇನೆ. ೧೯೫೧-೫೨ರ ಆ ಚುನಾವಣೆಗೆ ೧೭ ಕೋಟಿಗೂ ಮಿಕ್ಕಿದ ಮತದಾರರ ಪಟ್ಟಿ ಸಿದ್ಧವಾಯಿತು. ಮನೆಮನೆಗೆ ಹೋದ ಗಣಕರಿಗೆ ಉತ್ತರದ ಕೆಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತವು ವ್ಯಕ್ತಿಗೆ, ಸಂಬಂಧಕ್ಕಲ್ಲ. ಹೆಸರಿಲ್ಲದೆ ವ್ಯಕ್ತಿಯನ್ನು ಗುರುತಿಸುವುದು ಹೇಗೆ? ಕೊನೆಗೆ ಸುಮಾರು ೮ ಕೋಟಿ ಮಹಿಳೆಯರಲ್ಲಿ ೨೮ ಲಕ್ಷದಷ್ಟು ಮಂದಿ ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಸೇನರು ಮಾಡಿದ್ದು ಸರಿಯೇ ಎಂದು ಕೇಳಿದಾಗ ನಮ್ಮ ಕೋಣೆಯಲ್ಲಿ ಪ್ರತಿಸಲವೂ ಎರಡು ಪಕ್ಷಗಳಾಗುತ್ತವೆ. ಆ ಸಲ ಮತ ತಪ್ಪಿತಲ್ಲವೆ ಎಂದು ಒಂದು ಪಕ್ಷ. ಅಂದು ಬಿಗಿ ಹಿಡಿಯದಿದ್ದರೆ ಇಂದಿಗೂ ‘ಇಂಥವರ ಹೆಂಡತಿ’ಯೇ ಉಳಿಯುತ್ತಿದ್ದಳೆಂದು ಇನ್ನೊಂದು ಪಕ್ಷ. ಹೆಣ್ಣುಮಕ್ಕಳು ಹೆಚ್ಚಾಗಿ ಎರಡನೆಯದರಲ್ಲಿರುತ್ತಾರೆ. ನನ್ನ ಒಲವೂ ಆ ಕಡೆಗೇ.

ನಮ್ಮ ಮನೆಗಳ ತೊಡಕು ಬೇರೆ ಬಗೆಯದು. ಕನ್ನಡದ ಹೆಸರು ಮರಾಠಿ ಪಟ್ಟಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ತಿರುಗಿ, ಮತ್ತೆ ಮರಾಠಿಗೆ ಬರುವಷ್ಟರಲ್ಲಿ ಮಲ್ಲಪ್ಪನು ‘ಮಲಾಪಾ’ ಆಗಿರುತ್ತಾನೆ. ಊರಿನ ಹೆಸರು ಅಡ್ಡಹೆಸರಾಗುತ್ತದೆ, ತಂದೆಯ ಹೆಸರು ನಡುವೆ ಬರುತ್ತದೆ. ತವರಿನ ಹೆಸರೊಂದು, ಮದುವೆಯಲ್ಲಿ ಇಟ್ಟ ಹೆಸರೊಂದು ಇರುವ ತಾಯಂದಿರ ಮಾತು ಹೇಳುವುದೇ ಬೇಡ. ಇಂಥ ತಪ್ಪುಗಳನ್ನು ಮತದಾನದ ದಿನ ಕಂಡು ಪ್ರಯೋಜನವಿಲ್ಲ. ಕರಡು ಪಟ್ಟಿ ಪ್ರಕಟವಾದಾಗ, ಆಕ್ಷೇಪಣೆಗೆ ಗಡುವು ಇರುವಾಗಲೇ ಕಾಣಬೇಕು. ೨೦೨೫ರಲ್ಲಿ ಬಿಹಾರದಲ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಆಗಸ್ಟ್ ೧ರ ಕರಡಿನಲ್ಲಿ ಸುಮಾರು ೬೫ ಲಕ್ಷ ಹೆಸರುಗಳಿರಲಿಲ್ಲ. ಬಿಟ್ಟ ಹೆಸರುಗಳನ್ನು ಕಾರಣಸಹಿತವಾಗಿ ಪ್ರಕಟಿಸಬೇಕೆಂದು ಅದೇ ತಿಂಗಳ ೧೪ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಆ ಪರಿಷ್ಕರಣೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನಮ್ಮ ಪಾಠಕ್ಕೆ ಬೇಕಾದುದು ಇಷ್ಟು: ಕಾರಣವು ಕಾಗದದ ಮೇಲೆ ಬಂದಾಗಲೇ ಅದಕ್ಕೆ ಉತ್ತರ ಕೊಡಲು ಸಾಧ್ಯ.

ಪಟ್ಟಿಯು ಮತಕ್ಕೆ ಮಾತ್ರ ಬೇಕೆಂದು ತಿಳಿಯುವುದೂ ಸರಿಯಲ್ಲ. ಮುಂಬಯಿಯ ಜೋಪಡಿ ಪುನರ್ವಸತಿಯ ಯೋಜನೆಯಲ್ಲಿ ೨೦೦೦ದ ಜನವರಿ ೧ಕ್ಕೆ ಮುಂಚಿನಿಂದ ಇದ್ದ ಮನೆಗಳವರಿಗೆ ಬದಲಿ ಮನೆ ಉಚಿತವಾಗಿ ದೊರೆಯುತ್ತದೆ. ಆಮೇಲೆ ೨೦೧೧ರ ಆರಂಭದವರೆಗೆ ಬಂದವರು ಹಣ ತೆತ್ತು ಪಡೆಯುವ ಅವಕಾಶವೂ ಸೇರಿತು. ಆಗ ಇಲ್ಲಿದ್ದೆವೆಂಬುದಕ್ಕೆ ಪುರಾವೆಯೇನು? ಹಳೆಯ ಮತದಾರರ ಪಟ್ಟಿಯಲ್ಲಿರುವ ಹೆಸರು ಅಂಥ ಪುರಾವೆಗಳಲ್ಲೊಂದು. ಯಾವ ಕಾಲದಲ್ಲೋ ಯಾರೋ ಬರೆದುಕೊಂಡು ಹೋದ ಒಂದು ಸಾಲಿನ ಮೇಲೆ ಇಂದು ಒಂದು ಕುಟುಂಬದ ಸೂರು ನಿಂತಿರುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯ ವಿಷಯವನ್ನು ಅವಳ ಒಪ್ಪಿಗೆಯಿಂದ ಇಲ್ಲಿ ಹೇಳುತ್ತೇನೆ. ಅವಳ ತಂದೆ ಸೆಂಟ್ರಿಂಗ್ ಕೆಲಸದವರು. ಅವರ ವಸತಿಯ ಅರ್ಹರ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ಅವರ ಹೆಸರಿನ ಮುಂದೆ ‘ಅಪಾತ್ರ’ ಎಂದಿತ್ತು. ಯಾರೋ ಅದನ್ನು ಓದಿ ಹೇಳಿದರು. ನಮ್ಮ ನುಡಿಯಲ್ಲಿ ಅಪಾತ್ರನೆಂದರೆ ಯೋಗ್ಯತೆಯಿಲ್ಲದವನು. ಅಪಾತ್ರದಾನವೆಂದು ನಾವು ಯಾವ ಅರ್ಥದಲ್ಲಿ ಹೇಳುತ್ತೇವೆಂಬುದು ವಾಚಕರಿಗೆ ಗೊತ್ತೇ ಇದೆ. ಆ ಮನುಷ್ಯರು ಎರಡು ದಿನ ಮನೆಯಲ್ಲಿ ಊಟ ಬಿಟ್ಟರಂತೆ. ‘ಮೂವತ್ತು ವರ್ಷ ಈ ಊರಿನ ಮನೆ ಕಟ್ಟಿದೆ, ನನಗ ಯೋಗ್ಯತಾ ಇಲ್ಲಂತ’ ಎಂದು ಮಗಳ ಮುಂದೆ ಹೇಳಿಕೊಂಡರು. ಮಗಳು ಗೋಡೆಯ ಬಳಿಗೆ ಹೋಗಿ ತಾನೇ ಓದಿದಳು. ‘ಅಪಾತ್ರ’ದ ಮುಂದಿನ ಅಂಕಣವನ್ನೂ ಓದಿದಳು; ಅಲ್ಲಿಗೆ ಹೋಗದೆ ನಿಲ್ಲುವವರೇ ಹೆಚ್ಚು. ಅಲ್ಲಿ ೨೦೦೦ದ ಪೂರ್ವದ ಪುರಾವೆ ಸಲ್ಲಿಸಿಲ್ಲವೆಂದು ಬರೆದಿತ್ತು. ‘ಅಪ್ಪಾ, ಇದು ನಿಮ್ಮ ಮೇಲಿನ ಮಾತಲ್ಲ, ನಾವು ಕೊಟ್ಟ ಕಾಗದದ ಮೇಲಿನ ಮಾತು’ ಎಂದು ಅವಳು ತಿಳಿಯಹೇಳಿದಳು. ಬಳಿಕ ಹಳೆಯ ಪಟ್ಟಿಗಳನ್ನು ಹುಡುಕಿದಳು. ತಂದೆಯ ಹೆಸರು ಅಲ್ಲಿ ಇದ್ದೇ ಇತ್ತು, ಆದರೆ ನಾನು ಮೇಲೆ ಹೇಳಿದಂತೆ ರೂಪಾಂತರ ಹೊಂದಿತ್ತು. ಆ ಪುಟದ ದೃಢೀಕೃತ ಪ್ರತಿಯನ್ನೂ, ಎರಡು ಹೆಸರುಗಳೂ ಒಬ್ಬರವೇ ಎಂಬ ಪ್ರತಿಜ್ಞಾಪತ್ರವನ್ನೂ ಜೋಡಿಸಿ ಮೇಲ್ಮನವಿ ಸಲ್ಲಿಸಿ, ಆವಕ ನಂಬರು ಬಿದ್ದ ಪೋಚ್‌ಪಾವತಿಯನ್ನು ತಂದಳು. ವಿಚಾರಣೆ ಇನ್ನೂ ನಡೆಯುತ್ತಿದೆ. ತೀರ್ಪು ಏನಾಗುವುದೆಂದು ನಾನು ಹೇಳಲಾರೆ. ಅವಳು ಓದುತ್ತಿರುವುದು ಜೀವಶಾಸ್ತ್ರ, ಕಾಯಿದೆಯಲ್ಲ.

ಅಂದಿನಿಂದ ನಮ್ಮ ವರ್ಗದ ಪರೀಕ್ಷೆಯನ್ನೇ ಬದಲಿಸಿದ್ದೇನೆ. ಮರಾಠಿಯ ಒಂದು ಸಾರ್ವಜನಿಕ ಸೂಚನೆಯನ್ನು ವಿದ್ಯಾರ್ಥಿಯ ಕೈಗೆ ಕೊಡುತ್ತೇನೆ. ಅವನು ಮನೆಗೆ ಹೋಗಿ ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಬೇಕು. ತಾಯಿಯು ಮರಳಿ ಅದನ್ನು ತನ್ನ ಮಾತಿನಲ್ಲಿ ಹೇಳಿದರೆ ಅವನು ಪಾಸು. ತೋರಿಕೆಗೆ ಇದು ಸುಲಭ. ಆದರೆ ‘ಹರಕತೀ ವ ಸೂಚನಾ’ ಎಂದು ಪಾಲಿಕೆಯು ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಆಹ್ವಾನಿಸಿದರೆ, ಹಿಂದಿ ಚಿತ್ರಗಳಲ್ಲಿ ಬೆಳೆದ ನಮ್ಮ ಹುಡುಗನು ಯಾರೋ ಏನೋ ಕಿತಾಪತಿ ಮಾಡಿದ್ದಾರೆಂದು ತಾಯಿಗೆ ಹೇಳಿಬಂದಿದ್ದ! ಧಾರವಾಡದ ಕಡೆಯ ಅವನ ಅಜ್ಜಿಯನ್ನು ಕೇಳಿದ್ದರೆ ‘ಹರಕತ್ತಿಲ್ಲ’ ಎಂದರೆ ಅಡ್ಡಿಯಿಲ್ಲವೆಂದು ಆಕೆಯೇ ತಿಳಿಸುತ್ತಿದ್ದಳು.

ಭಾಷೆಯ ಮಾತು ಬಂದುದರಿಂದ ಒಂದೆರಡು ವಾಕ್ಯ. ಸಂವಿಧಾನದ ೩೫೦ನೆಯ ವಿಧಿಯು ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಆಯಾ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ೧೯೫೬ರಲ್ಲಿ ಸೇರಿದ ೩೫೦ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಈ ಶಾಲೆಯಲ್ಲಿ ಕಲಿತವರು ಅದನ್ನು ಅರಿತಿರಬೇಕು. ಹಕ್ಕು ಇದೆಯೆಂದು ಕನ್ನಡದಲ್ಲಿಯೇ ಅರ್ಜಿ ಬರೆದು ಹಟ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ೧೯೬೪ರ ಕಾಯಿದೆಯಂತೆ ಮಹಾರಾಷ್ಟ್ರದ ರಾಜಭಾಷೆ ಮರಾಠಿ. ನಮಗೆ ಅನ್ನ ಕೊಟ್ಟ ನೆಲದ ಭಾಷೆ ಅದು. ಅದನ್ನು ಓದಿ ಬರೆದು ಗಟ್ಟಿಮಾಡಿಕೊಂಡವನ ಅರ್ಜಿ ಬೇಗ ನಡೆಯುತ್ತದೆ. ಅರ್ಜಿ ಮರಾಠಿಯಲ್ಲಿರಲಿ, ಮನೆಯ ವಿವರಣೆ ಕನ್ನಡದಲ್ಲಿರಲಿ. ಎರಡನ್ನೂ ಬಿಟ್ಟು ಇಂಗ್ಲಿಷೊಂದನ್ನೇ ಹಿಡಿದ ಪದವೀಧರನು ಕಚೇರಿಗೂ ಸಲ್ಲನು, ಅಡಿಗೆಮನೆಗೂ ಸಲ್ಲನು.

ಅರ್ಜಿ ಬರೆಯುವುದನ್ನು ಕಲಿಸುವಾಗ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದು ಕೇಳುವ ಕಲೆಯನ್ನು ಕಲಿಸುತ್ತದೆ. ವಿದ್ಯಾರ್ಥಿಯ ಮೊದಲನೆಯ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: ‘ನಮ್ಮ ಚಾಳಿಗೆ ನೀರು ಏಕೆ ಬರುತ್ತಿಲ್ಲ? ಅಧಿಕಾರಿಗಳು ಏಕೆ ನಿರ್ಲಕ್ಷ್ಯ ಮಾಡುತ್ತಿದ್ದಾರೆ?’ ಇದು ಮಾಹಿತಿಯಲ್ಲ, ಜಗಳ. ಕಾಯಿದೆಯು ಕೊಡಿಸುವುದು ಕಚೇರಿಯ ದಾಖಲೆಯಲ್ಲಿ ಇರುವುದನ್ನು. ಆದುದರಿಂದ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಂಥ ಬೀದಿಯಿಂದ ಬಂದ ನೀರಿನ ದೂರುಗಳ ದಾಖಲೆಯ ಪ್ರತಿ, ಅವುಗಳ ಮೇಲೆ ಕೈಕೊಂಡ ಕ್ರಮದ ಟಿಪ್ಪಣಿಯ ಪ್ರತಿ ಎಂದು ಕೇಳಬೇಕು. ‘ಏಕೆ’ಯನ್ನು ಅಳಿಸಿ ‘ಯಾವ ಕಾಗದ’ ಎಂದು ಬರೆಯುವುದನ್ನು ಕಲಿಯಲು ಎರಡು ಮೂರು ಭಾನುವಾರಗಳು ಬೇಕಾಗುತ್ತವೆ. ಮಹಾರಾಷ್ಟ್ರದ ನಿಯಮದಂತೆ ೨೦೧೨ರಿಂದ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ ೧೫೦ ಪದಗಳೊಳಗಿರಬೇಕು. ಇದನ್ನು ಹಲವರು ಟೀಕಿಸುತ್ತಾರೆ, ಟೀಕೆಯಲ್ಲಿ ಹುರುಳೂ ಇದೆ. ಭಾಷಾಶಿಕ್ಷಕನಾದ ನನಗೆ ಮಾತ್ರ ಅದೊಂದು ಒಳ್ಳೆಯ ಸಂಕ್ಷೇಪಲೇಖನದ ಅಭ್ಯಾಸವಾಗಿ ಒದಗಿದೆ. ಹತ್ತು ರೂಪಾಯಿ ಶುಲ್ಕ, ೩೦ ದಿನಗಳಲ್ಲಿ ಉತ್ತರ. ಬಾರದಿದ್ದರೆ ಮತ್ತೆ ೩೦ ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲನೆಯ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ ೯೦ ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ದಿನಗಳ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆದಿಡದವನು ಹಕ್ಕನ್ನು ಅಲ್ಲಿಯೇ ಕಳೆದುಕೊಳ್ಳುತ್ತಾನೆ.

ಈ ಕಾಯಿದೆಯ ಮೂಲವನ್ನು ನೆನೆದಾಗ ಪದವಿಯ ಹೆಮ್ಮೆ ಸ್ವಲ್ಪ ಇಳಿಯುತ್ತದೆ. ೧೯೯೪ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮಜದೂರ ಕಿಸಾನ ಶಕ್ತಿ ಸಂಘಟನೆಯವರು ಒಂದು ಜನಸುನವಾಯಿ ನಡೆಸಿದರು. ಬರಗಾಲದ ಕಾಮಗಾರಿಗಳ ಹಾಜರಿಪಟ್ಟಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರುಗಳು ಅದರಲ್ಲಿದ್ದುವು. ಕೇಳುತ್ತ ಕುಳಿತವರಲ್ಲಿ ಅಕ್ಷರ ಬಲ್ಲವರು ಕಡಿಮೆ. ಆದರೆ ಹೆಸರು ಕೂಗಿದಾಗ ಸುಳ್ಳು ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು. ೧೯೯೬ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತು ಅವರು ಕೇಳಿದ್ದು ಇಂಥ ದಾಖಲೆಗಳ ಪ್ರತಿಗಳನ್ನು. ಓದು ಬಾರದವರು ಓದಬೇಕೆಂದು ಹಟ ಹಿಡಿದು ಗಳಿಸಿದ ಹಕ್ಕನ್ನು ಓದು ಬಲ್ಲವರು ಬಳಸುವುದೆಷ್ಟು ಎಂದು ನಮ್ಮ ತರುಣರನ್ನು ಕೇಳುತ್ತೇನೆ. ಯಾರೂ ಕೂಡಲೆ ಉತ್ತರಿಸುವುದಿಲ್ಲ.

ಕಾಯಿದೆಯಲ್ಲಿದ್ದುದೆಲ್ಲವೂ ನಡೆದೇ ನಡೆಯುತ್ತದೆಂಬ ಭ್ರಮೆಯನ್ನೂ ಹುಟ್ಟಿಸಬಾರದು. ಸಂವಿಧಾನದ ೨೪೩ಯು ವಿಧಿಯಂತೆ ಪಾಲಿಕೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಹೊಸ ಚುನಾವಣೆ ಪೂರ್ಣಗೊಳ್ಳತಕ್ಕದ್ದು. ಮುಂಬಯಿ ಪಾಲಿಕೆಯ ಅವಧಿ ೨೦೨೨ರ ಮಾರ್ಚಿನಲ್ಲಿ ಮುಗಿಯಿತು. ಹಿಂದುಳಿದ ವರ್ಗಗಳ ಮೀಸಲಾತಿ, ವಾರ್ಡುಗಳ ಸಂಖ್ಯೆ ಇವುಗಳ ವ್ಯಾಜ್ಯದಲ್ಲಿ ಚುನಾವಣೆ ನಿಂತುಹೋಗಿ, ಆಯುಕ್ತರೇ ಆಡಳಿತಾಧಿಕಾರಿಯಾಗಿ ಮೂರು ವರ್ಷಕ್ಕೂ ಮಿಕ್ಕಿ ನಗರವನ್ನು ನಡೆಸಿದರು. ೨೦೨೫-೨೬ರ ೭೪,೪೨೭ ಕೋಟಿ ರೂಪಾಯಿಗಳ ಮುಂಗಡಪತ್ರವೂ ಚುನಾಯಿತ ಸದಸ್ಯನೊಬ್ಬನೂ ಇಲ್ಲದೆಯೇ ಬಂದಿತು. ೨೦೨೫ರ ಮೇ ೬ರಂದು ಸುಪ್ರೀಂ ಕೋರ್ಟು ನಾಲ್ಕು ತಿಂಗಳ ಗಡುವು ಕೊಟ್ಟಿತು. ಅದು ಮೀರಿದಾಗ ೨೦೨೬ರ ಜನವರಿ ಕೊನೆಯವರೆಗೆ ಮುಂದೂಡಿತು. ಆ ಜನವರಿಯಲ್ಲಿ ೨೨೭ ಸ್ಥಾನಗಳಿಗೆ ಮತದಾನ ನಡೆಯಿತು. ‘ಸರ್, ಆ ಮೂರು ವರ್ಷ ನಗರಸೇವಕರಿಲ್ಲದಿದ್ದರೂ ಕಸ ಎತ್ತಿದರು, ನೀರು ಬಿಟ್ಟರು, ಹಾಗಾದರೆ ಅವರಿಂದ ಏನಾಗಬೇಕಿತ್ತು?’ ಎಂದು ಇಂಜಿನಿಯರಿಂಗ್ ಓದುವವನೊಬ್ಬ ಕೇಳಿದ. ಇದು ಬಹಳ ಒಳ್ಳೆಯ ಪ್ರಶ್ನೆ, ಇದಕ್ಕೆ ಮಾಸ್ತರನು ಭಾಷಣದಿಂದ ಉತ್ತರಿಸಬಾರದು. ನಾವು ಎರಡು ಭಾನುವಾರ ಅದನ್ನೇ ಚರ್ಚಿಸಿದೆವು. ಯಾವ ಬೀದಿಗೆ ಮೊದಲು ಎಂದು ನಿರ್ಧರಿಸುವವನು ಬೀದಿಯವರಿಗೆ ಉತ್ತರ ಕೊಡಬೇಕೋ ಬೇಡವೋ ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ಪ್ರಶ್ನೆ ಕೇಳಿದವನು ಪೂರ್ತಿ ಒಪ್ಪಿದನೆಂದು ನನಗನ್ನಿಸುವುದಿಲ್ಲ. ಆದರೆ ತನ್ನ ವಾರ್ಡಿನ ಅಭ್ಯರ್ಥಿಗಳ ಪ್ರತಿಜ್ಞಾಪತ್ರಗಳನ್ನು ಓದಿಯೇ ಮತ ಹಾಕಿದ. ಯಾರಿಗೆ ಹಾಕಿದನೆಂದು ನಾನು ಕೇಳಲಿಲ್ಲ. ಈ ವರ್ಗದಲ್ಲಿ ಅದನ್ನು ಯಾರೂ ಯಾರನ್ನೂ ಕೇಳಕೂಡದೆಂಬುದು ಮೊದಲಿನಿಂದಲೂ ನಡೆದುಬಂದ ಕಟ್ಟಳೆ.

ಮುಂದಿನ ಸರಣಿಯು ಮಳೆಗಾಲದ ರಜೆ ಮುಗಿದ ಬಳಿಕ ಎಂದಿನಂತೆ ಬೆಳಗ್ಗೆ ಹತ್ತಕ್ಕೆ ಆರಂಭವಾಗುವುದು. ಈ ಸಲ ಪಾಲಿಕೆಯ ಮುಂಗಡಪತ್ರದಲ್ಲಿ ನಮ್ಮ ವಾರ್ಡಿನ ನೀರು, ಗಟಾರ, ಶಾಲೆ ಈ ಮೂರರ ಅಂಕಿಗಳನ್ನು ಹುಡುಕಿ ಓದಬೇಕೆಂದಿದ್ದೇವೆ. ಅಂಕಿಗಳ ಕೆಲಸಕ್ಕೆ ವಾಣಿಜ್ಯದ ವಿದ್ಯಾರ್ಥಿಗಳು ಬಂದರೆ ಅನುಕೂಲ. ಬರುವವರು ಒಂದು ನೋಟುಬುಕ್ಕನ್ನೂ, ಮನೆಯಲ್ಲಿ ಯಾರಿಗೂ ಅರ್ಥವಾಗದೆ ಟ್ರಂಕಿನಲ್ಲಿ ಇಟ್ಟಿರುವ ಒಂದು ಕಾಗದವನ್ನೂ ತರತಕ್ಕದ್ದು. ಮೂಲಪ್ರತಿ ಬೇಡ, ಜೆರಾಕ್ಸ್ ಸಾಕು.